ಉಪ್ಪಿನ ಮಹಜರು

ಕರಡು ನಿಯಮ ಒಂಬತ್ತು ಹೀಗನ್ನುತ್ತದೆ:
ಮಳೆಯನ್ನು ನೆಲದೊಳಗೆ ಇಳಿಸಿದವರು
ಇಳಿಸಿದ್ದಕ್ಕೆ ಮೀಟರಿನ ಸಾಕ್ಷಿ ಇಟ್ಟು,
ಹತ್ತರಲ್ಲೊಂದು ಪಾಲು ನೆಲಕ್ಕೇ ಬಿಟ್ಟು,
ಉಳಿದದ್ದನ್ನು ಮೂರು ವರ್ಷದೊಳಗೆ
ಮೇಲೆತ್ತಿಕೊಳ್ಳತಕ್ಕದ್ದು.
ನೆಲ ಸಹಿ ಹಾಕುವುದಕ್ಕೆ ಎಲ್ಲೂ
ಜಾಗ ಬಿಟ್ಟಿಲ್ಲ. ನಾನು ಹುಡುಕಿದೆ.

ಕುಲಶೇಖರದ ಗುಡ್ಡದ ಮೇಲೆ
ಜೆಸಿಂತಾ ಬಾಯಿಯವರ ಮದುವೆ ಹಾಲ್.
ಆರು ಸಾವಿರ ಚದರಡಿ ತಗಡಿನ ಮಾಡು,
ಜಲ್ಲಿ, ಇದ್ದಿಲು, ಹೊಯಿಗೆ ದಾಟಿ
ಬತ್ತಿದ ಬಾವಿಗೆ ಧುಮುಕುವ ಪೈಪು.
ನಾಲ್ಕು ಮಳೆಗಾಲದ ಲೆಕ್ಕ ಒಂದು ನೀಲಿ ಪುಸ್ತಕದಲ್ಲಿ,
ಮದುಮಕ್ಕಳ ಹೆಸರಿನೆದುರು ಮುಂಗಡ ಬರೆಯುವ
ಅದೇ ಪುಸ್ತಕದ ಹಿಂದಿನ ಪುಟಗಳಲ್ಲಿ.

ಕೆಳಗೆ ಬೈಲಿನಲ್ಲಿ ಇದಿನಬ್ಬರ ಬಾವಿ.
ಏಪ್ರಿಲಿನಲ್ಲೂ ಹನ್ನೆರಡಡಿ ನೀರು,
ದಿನಕ್ಕೆ ಎಂಟು ಟ್ಯಾಂಕರು.

"ಅದು ನನ್ನ ನೀರು" ಅಂದರು ಬಾಯಿ.
"ಹೆಸರು ಬರೆದು ಬಿಟ್ಟಿದ್ದೀರಾ ಮಾರಾಯ್ರೆ?
ನನ್ನ ಅಜ್ಜ ತೋಡಿಸಿದ ಬಾವಿ ಅದು.
ಆಗ ನಿಮ್ಮ ಹಾಲ್ ಇದ್ದಲ್ಲಿ ಗೇರುಮರ ಉಂಟಿತ್ತು."

ವಿಚಾರಣೆಯ ದಿನ ಫ್ಯಾನು ಕಿರುಗುಟ್ಟುತ್ತಿತ್ತು.
ಒಬ್ಬ ವಕೀಲರು ಅಂದರು: ಬ್ಯಾಂಕಿಗೆ ಕಟ್ಟಿದ ದುಡ್ಡು.
ಇನ್ನೊಬ್ಬರು: ಬಾಗಿಲು ತೆರೆದು ಬಿಟ್ಟ ಪಾರಿವಾಳ,
ಇಳಿದ ಮಾಡೇ ಅದರ ಮನೆ.
ಅಧಿಕಾರಿ ಇಬ್ಬರನ್ನೂ ಒಪ್ಪಿ ತಲೆಯಾಡಿಸಿ
ನನ್ನ ಕಡೆ ತಿರುಗಿದರು. ನಾನು
ಭೂಜಲ ಕಚೇರಿಯ ಗುತ್ತಿಗೆಯವನು,
ನನ್ನ ಹತ್ತಿರ ಇದ್ದದ್ದು ಒಂದು ಉಕ್ಕಿನ ಟೇಪು.
"ನೀವು ಹೇಳಿ, ಹಾಕಿದ ನೀರು ಎಲ್ಲಿಗೆ ಹೋಗುತ್ತದೆ?"

ಗೊತ್ತಿದ್ದಷ್ಟು ಹೇಳಿದೆ. ಮೇಲೆ ಮುರಕಲ್ಲು,
ಜೇನುಗೂಡಿನ ಹಾಗೆ, ತೂತು ತೂತು.
ಅಡಿಯಲ್ಲಿ ಶೇಡಿಮಣ್ಣು, ಬೆಣ್ಣೆ ಸವರಿದ ತಟ್ಟೆ.
ತಟ್ಟೆ ಯಾವ ಕಡೆ ವಾಲಿದೆಯೋ
ನೀರು ಆ ಕಡೆ.
ಯಾವ ಕಡೆ ವಾಲಿದೆ?
ಮೇಲಿನಿಂದ ಕಾಣುವುದಿಲ್ಲ ಸರ್.
"ಹಾಗಾದರೆ ಕಾಣುವ ಹಾಗೆ ಮಾಡಿ."

ಬಂದರಿನಿಂದ ಆರು ಗೋಣಿ ಕಲ್ಲುಪ್ಪು ತಂದೆ.
ಆ ಬಿಲ್ಲು ಇನ್ನೂ ಮಂಜೂರಾಗಿಲ್ಲ.
ಚೌತಿಯ ಮರುದಿನ, ಮಳೆ ಬಿಟ್ಟ ಹೊತ್ತಿಗೆ
ಬಾಯಿಯವರ ಬಾವಿಗೆ ಸುರಿದೆವು.
ಅವರು ಶಿಲುಬೆಯ ಗುರುತು ಮಾಡಿಕೊಂಡರು,
ಉಪ್ಪಿಗೋ ನೀರಿಗೋ ಕೇಳಲಿಲ್ಲ ನಾನು.

ಆಮೇಲೆ ದಿನಾ ಬೆಳಿಗ್ಗೆ ಬೈಲಿಗಿಳಿದು
ಇದಿನಬ್ಬರ ಬಾವಿಯಿಂದ ಒಂದು ಕೊಡಪಾನ.
ಮೊದಲ ದಿನ ಇಲ್ಲ. ಐದನೆಯ ದಿನ ಇಲ್ಲ.
ಒಂಬತ್ತನೆಯ ದಿನ ಅವರೇ ಬೆರಳದ್ದಿ ನೆಕ್ಕಿ
ನನ್ನ ಮುಖ ನೋಡಿದರು:
"ಸಿಹಿ. ಬರ್ಕೊಳ್ಳಿ."

ವಾಪಸು ಬರುವಾಗ ಬಾಯಾರಿತ್ತು.
ಮುಚ್ಚಿದ ಹಂಚಿನ ಕಾರ್ಖಾನೆಯ ಹಿಂದೆ
ಹಳೇ ಕೆಲಸಗಾರರ ಸಾಲುಮನೆ, ನಾಲ್ಕು,
ನಾಲ್ಕಕ್ಕೂ ಸೇರಿ ಒಂದು ಬಾವಿ.
ರಾಟೆ ಎಳೆಯುತ್ತಿದ್ದ ಲೋಲಾಕ್ಷಿಯಕ್ಕ
ಚೊಂಬು ಕೊಡುವಾಗ ನಾಚಿದರು:
"ನೀರು ಒಂಚೂರು ಉಪ್ಪುಪ್ಪು ಆಗಿದೆ.
ಎಂತ ಅಂತ ಗೊತ್ತಿಲ್ಲ.
ನಾಲ್ಕು ದಿನ ಆಯ್ತು, ಗಂಜಿಗೆ
ಉಪ್ಪು ಹಾಕುವುದೇ ಬೇಡ."

ಅಳತೆಯ ಕಡ್ಡಿ ಇಳಿಸಿದೆ.
ಅಂಕಿ ಕಪ್ಪೆಯ ಹಾಗೆ ಹಾರಿತು.

ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ.
ಇಲ್ಲಿ ನೀರು ಕುಡಿದವರು
ಕೇಳದೆಯೇ ಉಪ್ಪು ತಿಂದಿದ್ದಾರೆ.

ಬಾಯಿಯವರಿಗೆ ಹೇಳಿದೆ. ತುಂಬ ಹೊತ್ತು
ನೀಲಿ ಪುಸ್ತಕದ ಅಂಚು ಸವರುತ್ತ ಕುಳಿತರು.
"ಅವರಿಗೆ ಮೀಟರು ಉಂಟಾ?"
"ಹಗ್ಗ ಉಂಟು."
"ಏಪ್ರಿಲಿನಲ್ಲಿ ಬತ್ತುತ್ತಿತ್ತಾ ಆ ಬಾವಿ, ಮೊದಲು?"
"ಬತ್ತುತ್ತಿತ್ತಂತೆ. ನಾಲ್ಕು ವರ್ಷದಿಂದ ಇಲ್ಲ."
ಅವರು ಪುಸ್ತಕ ಮುಚ್ಚಲಿಲ್ಲ, ತೆರೆಯಲೂ ಇಲ್ಲ.

ಇದಿನಬ್ಬರ ನೀರು ಎಲ್ಲಿಂದ ಬರುತ್ತದೆ?
ಅದಕ್ಕೆ ಬೇರೆ ಕಡತ ಬೇಕು, ಬೇರೆ ಉಪ್ಪು.

ನಮೂನೆಯಲ್ಲಿ ಎರಡೇ ಕಲಂ:
ಇಳಿಸಿದವರು, ಎತ್ತಿದವರು.
ಲೋಲಾಕ್ಷಿಯಕ್ಕನನ್ನು ಎರಡನೆಯದರಲ್ಲಿ ಬರೆದರೆ
ನಾಳೆ ಅವರಿಗೂ ನೋಟೀಸು.
ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು ಇತ್ತು:
ನೆಲದ ಪಾಲು, ಇದ್ದಲ್ಲಿ, ವಿವರ.
ಅಲ್ಲಿ ನಾಲ್ಕು ಮನೆಯ ನಂಬರು ಬರೆದೆ.

ಕಡತ ಮೇಲೆ ಹೋಗಿ ವಾಪಸು ಬಂದಿದೆ,
ಅಂಚಿನಲ್ಲಿ ಕೆಂಪು ಶಾಯಿಯ ಪ್ರಶ್ನೆ, ಒಂದೇ:
ಉಪ್ಪಿನ ರಸೀದಿ ಎಲ್ಲಿ?